ಸಹಾಯ ಬೇಕು: ಡಿಕ್ಕಿ ಆದ ಮೇಲೆ ಸಂವೇಗ ಜಾಸ್ತಿ ಆಗೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ.

ಘರ್ಷಣೆಯೇ ಇಲ್ಲದ ಮೇಜಿನ ಮೇಲೆ 2 ಕೆಜಿ ತೂಕದ, 1.2 ಮೀಟರ್ ಉದ್ದದ ಸರಳು ಮಲಗಿದೆ. ಒಂದು ತುದಿಗೆ ಮೊಳೆ. ಸರಳು ಅದರ ಸುತ್ತ ಸಲೀಸಾಗಿ ತಿರುಗುತ್ತೆ. ಅರ್ಧ ಕೆಜಿಯ ಜೇಡಿಮಣ್ಣಿನ ಉಂಡೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇನ್ನೊಂದು ತುದಿಗೆ, ಸರಳಿಗೆ 90 ಡಿಗ್ರಿ ಕೋನದಲ್ಲಿ, ಬಡಿದು ಅಂಟಿಕೊಳ್ಳುತ್ತೆ.

ಮೊಳೆಯ ಸುತ್ತಲಿನ ಕೋನೀಯ ಸಂವೇಗ (ತಿರುಗುವಿಕೆಯ ಸಂವೇಗ) 3.6. ಒಟ್ಟು ಮೊಮೆಂಟ್ ಆಫ್ ಇನರ್ಷಿಯಾ (ತಿರುಗುವಿಕೆಗೆ ಇರುವ ಜಡತ್ವ) ಸರಳಿನದು 0.96 + ಉಂಡೆಯದು 0.72 = 1.68. ಭಾಗಿಸಿದರೆ ತಿರುಗುವ ವೇಗ ಸೆಕೆಂಡಿಗೆ ಸುಮಾರು 2.14 ರೇಡಿಯನ್. ಚಲನಶಕ್ತಿ 9 ಜೂಲ್‌ನಿಂದ 3.86ಕ್ಕೆ ಇಳಿಯುತ್ತೆ. ಅಂಟಿಕೊಳ್ಳುವ ಡಿಕ್ಕಿ ಅಲ್ವಾ, ಅದರಲ್ಲಿ ತಕರಾರಿಲ್ಲ.

ತಲೆ ಕೆಟ್ಟಿದ್ದು ಆಮೇಲೆ. ಸುಮ್ಮನೆ ಕುತೂಹಲಕ್ಕೆ ರೇಖೀಯ ಸಂವೇಗ (ದ್ರವ್ಯರಾಶಿ × ವೇಗ) ಲೆಕ್ಕ ಹಾಕಿದೆ. ಮೊದಲು 3 ಇತ್ತು, ಆಮೇಲೆ 3.86! ಮೊಳೆ ತಡೆಯುತ್ತೆ, ಕಮ್ಮಿ ಆಗಬೇಕು ಅಂತ ನಾನಂದುಕೊಂಡಿದ್ದೆ. ಇಲ್ಲಿ ನೋಡಿದರೆ ಮೊಳೆಯೇ ಉಂಡೆ ಬಂದ ದಿಕ್ಕಿಗೆ ಸರಳನ್ನು ತಳ್ಳಿದ ಹಾಗಿದೆ. ಉಂಡೆಯನ್ನು ಮೊಳೆಯಿಂದ 0.8 ಮೀಟರ್ ದೂರದಲ್ಲಿ, ಅಂದರೆ ಉದ್ದದ ಮೂರನೇ ಎರಡರಷ್ಟರಲ್ಲಿ ಬಡಿಸಿದರೆ ಮಾತ್ರ ಸರಿಯಾಗಿ 3ಕ್ಕೆ 3 ಬರುತ್ತೆ. ಮೂರು ಸಲ ಮಾಡಿ ನೋಡಿದೆ, ಲೆಕ್ಕ ತಪ್ಪಿಲ್ಲ.

ಮೊಳೆ ಮುಂದಕ್ಕೆ ತಳ್ಳೋದು ಯಾಕೆ ಅಂತ ಸಮೀಕರಣ ಇಲ್ಲದೆ ಯಾರಾದರೂ ಬಿಡಿಸಿ ಹೇಳ್ತೀರಾ? ಮೊಳೆ ಇಲ್ಲದಿದ್ದರೆ ಸರಳಿನ ಮೊಳೆ ಕಡೆಯ ತುದಿ ಹಿಂದಕ್ಕೆ ಜಿಗಿಯುತ್ತಿತ್ತು, ಅದನ್ನು ಹಿಡಿದಿಡೋಕೆ ಇರಬೇಕು ಅನ್ನೋದು ನನ್ನ ಅನುಮಾನ. ಇನ್ನೊಂದು: ಮೊಳೆ ಕಿತ್ತುಹಾಕಿದರೆ ಕೋನೀಯ ಸಂವೇಗವನ್ನು ಯಾವ ಬಿಂದುವಿನ ಸುತ್ತ ತಗೋಬೇಕು, ಸರಳಿನ ನಡುವೆಯೋ ಅಥವಾ ಉಂಡೆ ಸೇರಿದ ಹೊಸ ದ್ರವ್ಯರಾಶಿ ಕೇಂದ್ರವೋ?