ಕೊಡಸಿಗೆ ತೊಗಟೆಯಲ್ಲಿ ಕೊನೆಸಿನ್ ಸಿಗುತ್ತಿಲ್ಲ, ಬಂದಿರುವ ಬಿಳಿ ಹರಳು ಏನು?

ತೀರ್ಥಹಳ್ಳಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಹಟ ಮಾಡಿ ಕೊಡಸಿಗೆಯನ್ನೇ ಆರಿಸಿಕೊಂಡೆ. ಚಿಕ್ಕವಳಿದ್ದಾಗ ಹೊಟ್ಟೆ ಕೆಟ್ಟರೆ ಅಮ್ಮ ಒಣಗಿಸಿಟ್ಟ ಕೊಡಸಿಗೆ ಹೂವಿನ ತಂಬುಳಿ ಮಾಡುತ್ತಿದ್ದರು. ಅದೇ ಮರದ ತೊಗಟೆಯಿಂದ ಕೊನೆಸಿನ್ ಅನ್ನೋ ಆಲ್ಕಲಾಯ್ಡ್ ಅನ್ನು (ನೈಟ್ರೋಜನ್ ಇರುವ, ಆಸಿಡ್‌ನಲ್ಲಿ ಕರಗುವ ಸಸ್ಯದ ರಾಸಾಯನಿಕ) ನನ್ನ ಕೈಯಾರೆ ತೆಗೆಯಬೇಕು ಅನ್ನೋ ಆಸೆ.

ಗ್ರಂದಿಗೆ ಅಂಗಡಿಯಿಂದ ಅರ್ಧ ಕೆಜಿ ತೊಗಟೆ ತಂದು ಪುಡಿ ಮಾಡಿದೆ. ಮೊದಲು ಹೆಕ್ಸೇನ್, ಆಮೇಲೆ ಮೆಥನಾಲ್, ಹೀಗೆ ಎರಡು ಸಾಲ್ವೆಂಟ್‌ಗಳಲ್ಲಿ (ದ್ರಾವಕ) ನೆನೆಸಿ ಸಾರ ತೆಗೆದೆ. ಮೆಥನಾಲ್ ಸಾರವನ್ನು 2% ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕಲಕಿ ಸೋಸಿದೆ. ಅಮೋನಿಯ ಹಾಕಿ ಪಿಎಚ್ 10ಕ್ಕೆ ತಂದು ಕ್ಲೋರೋಫಾರ್ಮ್‌ಗೆ ಎಳೆದೆ. ಫ್ಲಾಸ್ಕ್‌ನಲ್ಲಿ ಏನೂ ಉಳಿಯಲಿಲ್ಲ ಅಂತಲೇ ಹೇಳಬೇಕು. ಟಿಎಲ್‌ಸಿ ಪ್ಲೇಟಿಗೆ (ಸಾರದ ಅಂಶಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ತೆಳು ಪದರ) ಆಲ್ಕಲಾಯ್ಡ್ ಪತ್ತೆ ಮಾಡುವ ಡ್ರಾಗೆಂಡಾರ್ಫ್ ದ್ರಾವಣ ಸಿಂಪಡಿಸಿದರೆ ಕಿತ್ತಳೆ ಚುಕ್ಕೆಯೇ ಇಲ್ಲ. ಎರಡು ಸಲ ಮಾಡಿದೆ, ಎರಡು ಸಲವೂ ಹೀಗೇ.

ಹೆಕ್ಸೇನ್ ಸಾರವನ್ನು ಸಿಲಿಕಾ ಕಾಲಂಗೆ ಹಾಕಿದಾಗ ಮಾತ್ರ ಬಿಳಿ ಸೂಜಿಯಂಥ ಹರಳು ಬಂತು. ಪ್ರೋಟಾನ್ ಎನ್‌ಎಂಆರ್‌ನಲ್ಲಿ (ಅಣುವಿನ ಹೈಡ್ರೋಜನ್‌ಗಳನ್ನು ತೋರಿಸುವ ಪರೀಕ್ಷೆ) 4.57, 4.69, 1.68 ಪಿಪಿಎಂ ಪೀಕ್‌ಗಳು ಎದ್ದು ಕಾಣುತ್ತಿವೆ. ಎಲ್ಲಿ ತಪ್ಪಿದೆ?

ಹಳೇ_ಕೆಮಿಸ್ಟ್:
ಅದು ಲೂಪಿಯೋಲ್ ಇರಬೇಕಮ್ಮ, ಎಷ್ಟೋ ಗಿಡಗಳ ತೊಗಟೆಯಲ್ಲಿ ಸಿಗುವ ಟ್ರೈಟರ್ಪೀನ್. 4.57, 4.69 ಅಂದರೆ ಜೋಡಿಬಂಧದ ತುದಿಯ ಎರಡು ಹೈಡ್ರೋಜನ್, 1.68 ಪಕ್ಕದ ಮೀಥೈಲ್. ಕಾರ್ಬನ್ ಎನ್‌ಎಂಆರ್ ಮಾಡಿಸಿ, 151 ಮತ್ತು 109ರ ಹತ್ತಿರ ಪೀಕ್ ಇದೆಯಾ ನೋಡಿ. ಮಾಸ್ (ಅಣುತೂಕ) 426 ಬರಬೇಕು. ಲೂಪಿಯೋಲ್‌ನಲ್ಲಿ ನೈಟ್ರೋಜನ್ ಇಲ್ಲ, ಹಾಗಾಗಿ ಅದು ಆಸಿಡ್‌ಗೆ ಇಳಿಯುವುದಿಲ್ಲ. ಕೊನೆಸಿನ್‌ನಲ್ಲಿ ಎರಡು ನೈಟ್ರೋಜನ್ ಇವೆ, ಮಾಸ್ 356. ತೊಗಟೆಯಲ್ಲಿ ಇದ್ದಿದ್ದರೆ ನೀವು ಮಾಡಿದ ವಿಧಾನಕ್ಕೆ ಖಂಡಿತ ಸಿಗುತ್ತಿತ್ತು.

ನನಗೆ ಅನುಮಾನ ತೊಗಟೆಯ ಮೇಲೆ. ಹಾಲೆ ಮರದ ತೊಗಟೆ ಕೊಡಸಿಗೆ ಹೆಸರಲ್ಲಿ ಮಾರಾಟ ಆಗುವುದು ಹೊಸದೇನಲ್ಲ. ಚನ್ನಪಟ್ಟಣದ ಗೊಂಬೆ ಮಾಡುತ್ತಾರಲ್ಲ, ಅದೇ ಮರ, ಆಲೆ ಮರ ಅಂತಲೂ ಕರೆಯುತ್ತಾರೆ.

ಕಾಡುದಾರಿ:
ಸಾಲ್ವೆಂಟ್ ತಾಗದ ತೊಗಟೆ ಚೂರು ಉಳಿದಿದ್ದರೆ ನಾಲಿಗೆ ತುದಿಗೆ ಇಟ್ಟು ಉಗಿಯಿರಿ. ಕೊಡಸಿಗೆ ವಿಪರೀತ ಕಹಿ. ಈ ಸಲ ನೀವೇ ಮರ ಗುರುತಿಸಿ ತನ್ನಿ. ಎರಡರಲ್ಲೂ ಕಾಯಿ ಜೋಡಿಯಾಗಿಯೇ ಇರುತ್ತವೆ. ಹಾಲೆಯಲ್ಲಿ ಎಳೆಗಾಯಿಗಳ ತುದಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಕೊಡಸಿಗೆಯಲ್ಲಿ ಬಿಡಿಬಿಡಿ. ಹೂವು, ಕಾಯಿ ಇರುವ ಟೊಂಗೆ ಒಣಗಿಸಿ ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಮಾದರಿ ಸಂಗ್ರಹಾಲಯ) ಕೊಟ್ಟು ಮಾದರಿಯ ನಂಬರ್ ತೆಗೆದುಕೊಳ್ಳಿ. ದಯವಿಟ್ಟು ಕೊಂಬೆಯ ಒಂದೇ ಪಕ್ಕದಲ್ಲಿ ಕೆತ್ತಿ. ಬುಡದ ಸುತ್ತ ಸುಲಿದರೆ ಮರ ಸಾಯುತ್ತದೆ.

ತೀರ್ಥಹಳ್ಳಿ_ಹುಡುಗಿ:
ಈಗಷ್ಟೇ ಒಂದು ಚೂರು ಅಗಿದು ನೋಡಿದೆ. ಸ್ವಲ್ಪವೂ ಕಹಿ ಇಲ್ಲ! ಅಮ್ಮನಿಗೆ ಫೋನ್ ಮಾಡಿದೆ. ಹೂವು ಕೊಯ್ಯುತ್ತಿದ್ದ ಮರ ಗುಡ್ಡದ ಮೇಲೆ ಇನ್ನೂ ಇದೆಯಂತೆ. ಶನಿವಾರ ಊರಿಗೆ ಹೊರಟೆ.