ಸಹಾಯ ಬೇಕು: ಬಣ್ಣ ಮಾಸಿದ ಬರ್ಮಾ ಚದುರಂಗದ ದಂತದ ಕಾಯಿಗಳು

ಮ್ಯೂಸಿಯಂ ಸಂಗ್ರಹದ ಒಂದು ಸಿತ್ತುಯಿನ್ (ಬರ್ಮಾ ಚದುರಂಗ) ಸೆಟ್. 32 ಕಾಯಿಯೂ ಇವೆ: ಪಕ್ಷಕ್ಕೆ ರಾಜ, ಸೇನಾಪತಿ (ಸಿಟ್-ಕೆ, ನಮ್ಮ ಮಂತ್ರಿಯ ಜಾಗ), ಆನೆ 2, ಕುದುರೆ 2, ರಥ 2, ಕಾಲಾಳು 8. ಒಂದು ಪಕ್ಷ ಕೆಂಪು, ಇನ್ನೊಂದು ದಂತದ ಸಹಜ ಬಣ್ಣ.

ತೊಡಕು ಕಾಲಾಳುಗಳದ್ದು. 7 ಖಂಡಿತ ಕೆಂಪು, 6 ಖಂಡಿತ ಬಿಳಿ. ಉಳಿದ 3 ಕಂದು ಬಣ್ಣಕ್ಕೆ ತಿರುಗಿವೆ. ಅವುಗಳಲ್ಲಿ ಕೆಂಪಿನದು ಯಾವುದು?

ತಳದಲ್ಲಿ ಶ್ರೆಗರ್ ಗೆರೆಗಳ (ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ಸಹಜ ಗೆರೆಗಳು) ಹೊರಕೋನ 115 ಡಿಗ್ರಿಗಿಂತ ಹೆಚ್ಚು, ಹಾಗಾಗಿ ಆನೆದಂತವೇ; ಮೂಳೆಯ ಬದಲಿ ಕಾಯಿ ಅಲ್ಲ. 10 ಪಟ್ಟು ಲೆನ್ಸ್‌ನಲ್ಲಿ ಕೆತ್ತನೆಯ ಸಂದುಗಳನ್ನೆಲ್ಲ ನೋಡಿ ಆಯ್ತು. ಯುವಿ ಬೆಳಕಲ್ಲಿ ಮೂರೂ ಮಂಕು. ಎಕ್ಸ್‌ಆರ್‌ಎಫ್‌ನಲ್ಲಿ (ಎಕ್ಸ್‌ರೇ ಬಿಟ್ಟು ಧಾತುಗಳನ್ನು ಗುರುತಿಸೋ ಪರೀಕ್ಷೆ) ಪಾದರಸ ಸಿಗಲಿಲ್ಲ, ಅಂದ್ರೆ ಇಂಗುಲೀಕ (ಪಾದರಸ ಇರೋ ಕೆಂಪು ಬಣ್ಣ) ಅಲ್ಲ. ಆದರೆ ಅರಗಿನಂಥ ಸಾವಯವ ಬಣ್ಣ ಅದರಲ್ಲಿ ಕಾಣೋದೇ ಇಲ್ಲ. ಒದ್ದೆ ಹತ್ತಿ ಮುಟ್ಟಿಸಿಲ್ಲ, ಮುಟ್ಟಿಸೋದೂ ಇಲ್ಲ: ಇರೋ ಚೂರು ಕೆಂಪೂ ಎದ್ದು ಬರುತ್ತೆ, ದಂತ ನೀರು ಹೀರಿ ಬಿರುಕು ಬಿಡುತ್ತೆ.

ಉಳಿದದ್ದು ಫೈಬರ್ ಆಪ್ಟಿಕ್ ರಿಫ್ಲೆಕ್ಟೆನ್ಸ್: ಸಣ್ಣ ಜಾಗಕ್ಕೆ ಬೆಳಕು ಬಿಟ್ಟು, ಯಾವ ತರಂಗಾಂತರ ಎಷ್ಟು ಹಿಂದಿರುಗುತ್ತೆ ಅಂತ ಅಳೆಯೋದು. ಅರಗಿನ ಕೆಂಪಿಗೆ 520 ಮತ್ತು 560 ನ್ಯಾನೋಮೀಟರ್ ಸುತ್ತ ಹೀರಿಕೆ ಕಾಣಬೇಕು. ಇಷ್ಟು ಮಾಸಿದ, ಉಬ್ಬುತಗ್ಗಿನ ದಂತದ ಮೇಲೆ ಆ ಜೋಡಿ ಪಟ್ಟಿ ಹಳೆಯ ಕಂದಿನಿಂದ ಬೇರೆಯಾಗಿ ಕಾಣುತ್ತಾ? ಮಾಡಿ ನೋಡಿದವರು ಯಾವ ಜಾಗದಲ್ಲಿ, ಎಷ್ಟು ಮಿಲಿಮೀಟರ್ ಸ್ಪಾಟ್ ಇಟ್ಟು ಅಳೆದ್ರಿ?