ಜೀವಕೋಶದೊಳಗಿನ ಯಂತ್ರಗಳು ವಿನ್ಯಾಸಕಾರನೊಬ್ಬನಿಗೆ ಸಾಕ್ಷಿಯೇ?

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಬಳಗದ ಚರ್ಚೆಯಲ್ಲಿ ಹಿರಿಯರೊಬ್ಬರು, ಕೈನೆಸಿನ್ ಎಂಬ ಪ್ರೋಟೀನು ಜೀವಕೋಶದೊಳಗೆ ಹೊರೆ ಹೊತ್ತು ನಡೆಯುವ ವಿಡಿಯೊ ತೋರಿಸಿ, ಡಾರ್ವಿನ್ನನ ಕಾಲದವರಿಗೆ ಕಾಣದಿದ್ದ ಯಂತ್ರಗಳೇ ಈಗ ಕಣ್ಣಿಗೆ ಬೀಳುತ್ತಿರುವಾಗ ಬುದ್ಧಿವಂತ ವಿನ್ಯಾಸಕಾರನೊಬ್ಬ ಇದ್ದಾನೆಂದು ಒಪ್ಪಲೇಬೇಕಲ್ಲವೇ ಎಂದು ಕೇಳಿದರು. ಈ ವಾದದಲ್ಲಿ ಎಷ್ಟು ಹುರುಳಿದೆ?

ಉತ್ತರ (ಪುಣೆಯಿಂದ)

ತಾವು ನೋಡಿದ್ದು ಬಹುಶಃ ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರ. ಅಂಥ ಚಿತ್ರಗಳಲ್ಲಿ ಸುತ್ತಲಿನ ನೀರಿನ ಅಣುಗಳನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ. ಹಾಗಾಗಿ ಕೈನೆಸಿನ್ ದಾರಿ ಬಲ್ಲ ಹಮಾಲನಂತೆ ಕಾಣುತ್ತದೆ. ಲೇಸರ್ ಕಿರಣದಲ್ಲಿ ಸೂಕ್ಷ್ಮ ಮಣಿಯೊಂದನ್ನು ಹಿಡಿದು ಒಂದೊಂದೇ ಅಣುವಿನ ಚಲನೆಯನ್ನು ಅಳೆದಾಗ (ಇಂಥ ಅಳತೆಗಳು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ನಡೆದಿವೆ) ಕಂಡದ್ದು ಬೇರೆ. ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚಾದರೆ 8 ನ್ಯಾನೊಮೀಟರಿನ ಒಂದು ಹೆಜ್ಜೆ ಎಂಬುದು ನಿಜ. ಆದರೆ ಮೇಲೆದ್ದ ಪಾದ ನೀರಿನ ಅಣುಗಳ ಹೊಡೆತಕ್ಕೆ ಸಿಕ್ಕಿ ಅತ್ತಿತ್ತ ತೊನೆದಾಡುತ್ತದೆ, ಮುಂದಿನ ನೆಲೆ ತಾಗಿದಾಗ ಕಚ್ಚಿಕೊಳ್ಳುತ್ತದೆ, ಭಾರ ಹೆಚ್ಚಿದರೆ ಹಿಂದಕ್ಕೂ ಸರಿಯುತ್ತದೆ, ಸುಮಾರು ನೂರು ಹೆಜ್ಜೆಗಳಾದ ಮೇಲೆ ತಾನು ನಡೆಯುತ್ತಿದ್ದ ನಾರಿನಂಥ ಹಳಿಯಿಂದಲೇ ಕಳಚಿಕೊಳ್ಳುತ್ತದೆ. ನೋಟ ಸೂಕ್ಷ್ಮವಾದಷ್ಟೂ ಆಕಸ್ಮಿಕದ ಪಾಲು ಹೆಚ್ಚಾಗಿ ಕಾಣುತ್ತಿದೆ. ವಿಡಿಯೊ ಮರೆಮಾಡುವುದು ಇದನ್ನೇ.

ಉತ್ತರ (ಮಾಟುಂಗಾದಿಂದ)

ಈ ವಾದಕ್ಕೆ ಬಲ ಬಂದದ್ದು 1996ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಮುಂದಿಟ್ಟ ತರ್ಕದಿಂದ: ಬ್ಯಾಕ್ಟೀರಿಯಾದ ಬಾಲ ತಿರುಗಿಸುವ ಮೋಟಾರಿನಿಂದ ಒಂದು ಭಾಗ ತೆಗೆದರೂ ಅದು ಕೆಲಸಕ್ಕೆ ಬಾರದು, ಆದ್ದರಿಂದ ಅದು ಹಂತಹಂತವಾಗಿ ವಿಕಾಸಗೊಂಡಿರಲಾರದು. ಆದರೆ ಅದರ ಬುಡದ ಹಲವು ಪ್ರೋಟೀನುಗಳ ದಾಯಾದಿಗಳು, ರೋಗಕಾರಕ ಬ್ಯಾಕ್ಟೀರಿಯಾಗಳು ನಮ್ಮ ಜೀವಕೋಶಗಳಿಗೆ ಪ್ರೋಟೀನು ಚುಚ್ಚುವ ಸೂಜಿಯಲ್ಲೂ ಇವೆ. ಆ ಸೂಜಿಯೇ ಬಾಲದ ಪೂರ್ವಜ ಎಂದು ನಾನು ಹೇಳುತ್ತಿಲ್ಲ. ಬಾಲವಿಲ್ಲದೆಯೂ ಆ ಭಾಗಗಳಿಗೆ ಉಪಯೋಗವಿದೆ ಎಂಬುದಷ್ಟೇ ಬೀಹಿಯವರ ತರ್ಕವನ್ನು ಸಡಿಲಿಸಲು ಸಾಕು. ಇನ್ನು, ಕೋಶವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನದಿಂದ, ಈ ಮೋಟಾರು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಒಂದೇ ತೆರನಾಗಿಲ್ಲವೆಂದು ತಿಳಿದಿದೆ: ಇ. ಕೋಲೈನಲ್ಲಿ ಸರಳ, ಕ್ಯಾಂಪೈಲೋಬ್ಯಾಕ್ಟರಿನಲ್ಲಿ ಹೆಚ್ಚಿನ ಉಂಗುರಗಳು, ಹೆಚ್ಚಿನ ತಿರುಚುಬಲ. ಈ ವೈವಿಧ್ಯವನ್ನು ಒಂದೇ ಮೂಲದಿಂದ ಕವಲೊಡೆದ ವಂಶಾವಳಿ ವಿವರಿಸುತ್ತದೆ.

ಉತ್ತರ (ಮಡಗಾಂವಿನಿಂದ)

ನಾನು ದೇವರನ್ನು ನಂಬುವವನು. ಆದರೂ ಆ ನಂಬಿಕೆಯನ್ನು ಪ್ರೋಟೀನಿನ ಹೆಜ್ಜೆಯ ಮೇಲೆ ನಿಲ್ಲಿಸುವುದು ನನಗೆ ಸರಿಕಾಣದು. ಮೊದಲ ಜೀವಕೋಶ ಹೇಗೆ ಹುಟ್ಟಿತೆಂಬುದು ಇನ್ನೂ ಬಗೆಹರಿಯದ ಪ್ರಶ್ನೆ ಎಂದು ಒಪ್ಪೋಣ. ಆದರೆ ವಿನ್ಯಾಸಕಾರನಿದ್ದಾನೆ ಎಂದುಕೊಂಡರೆ ಮುಂದಿನ ಪ್ರಯೋಗದಲ್ಲಿ ಏನು ಕಾಣಬೇಕು, ಏನು ಕಾಣಬಾರದು ಎಂದು ಆ ಹಿರಿಯರನ್ನು ದಯವಿಟ್ಟು ಕೇಳಿ ನೋಡಿ. ಅವರ ಉತ್ತರವನ್ನು ಇಲ್ಲಿ ಬರೆದರೆ ಚರ್ಚೆ ಮುಂದುವರಿಸಬಹುದು.